ಕೈಪಟ್ಟಿ ಸಕ್ಕರೆ ಅಳೆಯೋದಿಲ್ಲ, ಆದರೂ ಕಟ್ಟಿಕೊಳ್ಳಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಡಯಾಬಿಟಿಸ್ ಬಗ್ಗೆ ಬರೆಯುವವರು ಏನು ತಿನ್ನಬೇಕು, ಏನು ಬಿಡಬೇಕು ಅಂತ ಚೆನ್ನಾಗಿಯೇ ಹೇಳುತ್ತಾರೆ. ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ ಎಲ್ಲಾ ಆಗಿ ಹೋಗಿವೆ. ಆದರೆ ಮುಂಬಯಿಯ ನಮ್ಮ ಹಿರಿಯರ ಮಣಿಕಟ್ಟಿನ ಮೇಲೆ ಈಗ ಬಂದು ಕೂತಿರುವ, ಹೆಜ್ಜೆ ಮತ್ತು ನಾಡಿ ಎಣಿಸುವ ಆ ಕಪ್ಪು ಪಟ್ಟಿಯ (ಫಿಟ್ನೆಸ್ ಬ್ಯಾಂಡ್) ಬಗ್ಗೆ ಯಾರೂ ಒಂದು ಸಾಲು ಬರೆದದ್ದು ನಾನು ಕಂಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಡಾಕ್ಟರ್ ಅಲ್ಲ. ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು, ನನಗೂ ಸಕ್ಕರೆ ಇದೆ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕಣ್ಣು ಉಜ್ಜಿಕೊಳ್ಳುತ್ತಾ ನನ್ನ ಕ್ಲಾಸಿಗೆ ಬಂದು ಕೂರುತ್ತಿದ್ದ ಹುಡುಗರು ಈಗ ಅರವತ್ತು ದಾಟಿದ್ದಾರೆ. ಕೆಲವರು ಬ್ಯಾಂಕಿನಿಂದ ರಿಟೈರ್ ಆದರು, ಕೆಲವರು ಸ್ವಂತ ಹೋಟೆಲು ಮಾಡಿ ಗಲ್ಲಾದ ಮೇಲೆ ಕೂತರು. ಸಂಘದ ಕಾರ್ಯಕ್ರಮಕ್ಕೋ ಮದುವೆಗೋ ಸೇರಿದರೆ ಮೊದಲು ಊರು, ಮಳೆ, ಯಕ್ಷಗಾನ ಅಂತ ಮಾತು ಶುರುವಾಗುತ್ತಿತ್ತು. ಈಗ ಎದುರಿಗೆ ಸಿಕ್ಕ ತಕ್ಷಣ ತೋಳು ಮೇಲೆತ್ತಿ "ಇವತ್ತು ಎಷ್ಟಾಯ್ತು?" ಅಂತಾರೆ. ಹೆಜ್ಜೆಯೋ ಸಕ್ಕರೆಯೋ ಅಂತ ಎರಡನೇ ಸಲ ಕೇಳಿದರೇ ಗೊತ್ತಾಗೋದು.

ತೊಂದರೆ ಎಷ್ಟು ದೊಡ್ಡದು ಅಂತ ನಿಮ್ಮ ಓದುಗರಿಗೆ ಹೇಳಬೇಕಿಲ್ಲ, ಆದರೂ ಒಂದು ಲೆಕ್ಕ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಡಯಾಬಿಟಿಸ್, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ರಾಜ್ಯಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ನಮ್ಮ ಪಕ್ಕದ ಗೋವಾದಲ್ಲಿ, ಅಲ್ಲಿ ನೂರಕ್ಕೆ 26.4. ಮೀನು, ಕುಚಲಕ್ಕಿ, ಸಮುದ್ರದ ಗಾಳಿ ಇದ್ದರೆ ಏನೂ ಆಗಲ್ಲ ಅನ್ನುವ ನಮ್ಮ ಕರಾವಳಿಯವರ ಜಂಬಕ್ಕೆ ಇಷ್ಟು ಸಾಕು.

ಮೊದಲು ನನಗೆ ಸಿಟ್ಟು ಬರಿಸಿದ ವಿಷಯ ಹೇಳಿಬಿಡುತ್ತೇನೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಸುಮ್ನೆ ಕೈಗೆ ಕಟ್ಟಿಕೊಂಡರೆ ಶುಗರ್ ತೋರಿಸುತ್ತದೆ ಅಂತ ಹೇಳುವ ವಾಚುಗಳು ಬಂದಿವೆ. ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲೂ ಸಿಗುತ್ತವೆ, ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೂ ಬರುತ್ತವೆ. ಘಾಟ್ಕೋಪರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥದೊಂದನ್ನು ತಂದು, ಬೆರಳು ಚುಚ್ಚುವ ಮೀಟರನ್ನು ಡ್ರಾಯರಿನೊಳಗೆ ಹಾಕಿಬಿಟ್ಟಿದ್ದ. ನೋಡಿದಾಗೆಲ್ಲ ನೂರಿಪ್ಪತ್ತರ ಆಸುಪಾಸು. ಹೋಳಿಗೆ ತಿಂದರೂ ಅಷ್ಟೇ, ಉಪವಾಸ ಇದ್ದರೂ ಅಷ್ಟೇ. ಒಂದು ದಿನ ಅವನ ಮನೆಯಲ್ಲೇ ಆ ವಾಚನ್ನು ಬಿಚ್ಚಿಸಿ ಒಂದು ಬಾಳೆಹಣ್ಣಿಗೆ ಸುತ್ತಿದೆವು. ಅದಕ್ಕೂ 124 ತೋರಿಸಿತು. ಬಾಳೆಹಣ್ಣಿನಲ್ಲಿ ಸಕ್ಕರೆ ಇರುತ್ತದೆ ನಿಜ, ಆದರೆ ರಕ್ತ ಎಲ್ಲಿಂದ ಬರಬೇಕು ಮಾರಾಯ್ರೆ! ಅವನ ಹೆಂಡತಿ ನಕ್ಕಿದ್ದು ನಕ್ಕಿದ್ದೇ. ಅವನಿಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ಆ ನಂಬರು ನಂಬಿಕೊಂಡು ರಾತ್ರಿಯ ಮಾತ್ರೆ ಅರ್ಧ ಮಾಡಿಕೊಂಡಿದ್ದ.

ಇದು ನನ್ನ ಊಹೆಯ ಮಾತಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತು. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುತ್ತೇನೆ ಅನ್ನುವ ಯಾವುದೇ ಸ್ಮಾರ್ಟ್ ವಾಚು, ಸ್ಮಾರ್ಟ್ ಉಂಗುರ ಬಳಸಬೇಡಿ, ಅಂಥ ಒಂದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ, ಯಾವ ಕಂಪನಿಯದಾದರೂ ಸರಿ ಅಂತ ಸ್ಪಷ್ಟವಾಗಿ ಹೇಳಿತು. ಆ ಪಟ್ಟಿಯ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಇದೆಯಲ್ಲ, ಅದು ನೋಡುವುದು ಮಣಿಕಟ್ಟಿನ ರಕ್ತ ಏರಿಳಿಯುವುದನ್ನು, ಅದರಿಂದ ನಾಡಿ ಲೆಕ್ಕ ಹಾಕುತ್ತದೆ. ಒಳಗಿರುವ ಇನ್ನೊಂದು ಪುಟ್ಟ ಸಾಧನ ಕೈಯ ಅಲುಗಾಟ ನೋಡಿ ಹೆಜ್ಜೆ ಎಣಿಸುತ್ತದೆ. ರಕ್ತದಲ್ಲಿ ಸಕ್ಕರೆಯ ಪಾಲು ತೀರಾ ಕಡಿಮೆ. ಚರ್ಮ, ನೀರು, ಬೆವರು, ಬಿಸಿ ಇವೆಲ್ಲದರ ಗದ್ದಲದಲ್ಲಿ ಅದನ್ನು ಬೆಳಕಿನಿಂದ ಹುಡುಕಿ ತೆಗೆಯುವುದು ದೊಡ್ಡ ದೊಡ್ಡ ಕಂಪನಿಗಳಿಗೇ ಇನ್ನೂ ಸಾಧ್ಯವಾಗಿಲ್ಲ. ಹಾಗಿರುವಾಗ ಫುಟ್‌ಪಾತಿನ ವಾಚಿಗೆ ಸಾಧ್ಯವಾಗುತ್ತಾ?

ಇಲ್ಲಿ ಒಂದು ಗೊಂದಲ ಆಗುತ್ತದೆ, ಬಿಡಿಸಿ ಹೇಳಬೇಕು. ತೋಳಿಗೆ ನಾಣ್ಯದಂತೆ ಅಂಟಿಸಿಕೊಳ್ಳುವ ಸೆನ್ಸರ್ ಬೇರೆ. ಅದಕ್ಕೆ ಸಿಜಿಎಂ ಅಂತಾರೆ, ಅಂದರೆ ಸಕ್ಕರೆಯನ್ನು ಬಿಡದೆ ಅಳೆಯುತ್ತಲೇ ಇರುವ ಸಾಧನ. ಅದರ ಅಡಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆಯೊಂದು ಚರ್ಮದ ಕೆಳಗೆ ಹೋಗಿ ಕೂರುತ್ತದೆ, ಅದು ನಿಜವಾಗಿಯೂ ಸಕ್ಕರೆ ಅಳೆಯುತ್ತದೆ. ಎರಡು ವಾರ ಬಾಳುವಂಥವು ನಮ್ಮಲ್ಲಿ ಸಿಗುತ್ತವೆ, ಬೆಲೆ ಸಾವಿರಗಟ್ಟಲೆ. ಅದರ ಲೆಕ್ಕವನ್ನು ವಾಚಿನಲ್ಲಿ ತೋರಿಸುವ ವ್ಯವಸ್ಥೆಯೂ ಇದೆ, ಅದರಲ್ಲಿ ಮೋಸ ಇಲ್ಲ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ಸಕ್ಕರೆ ಬೇಗ ಏರುವಾಗ, ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಇರುತ್ತದೆ. ರಾತ್ರಿ ಅದೇ ತೋಳಿನ ಮೇಲೆ ಒರಗಿ ಮಲಗಿದರೆ ಸುಳ್ಳೇ ಸಕ್ಕರೆ ಇಳಿದಂತೆ ತೋರಿಸಿ ಮನೆಮಂದಿಯನ್ನೆಲ್ಲ ಎಬ್ಬಿಸುವುದೂ ಉಂಟು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ತುಂಬಾ ಉಪಯೋಗ. ಉಳಿದವರು ಡಾಕ್ಟರನ್ನು ಕೇಳಿ ನಿರ್ಧರಿಸಲಿ.

ಹಾಗಾದರೆ ಸಾದಾ ಕೈಪಟ್ಟಿಯಿಂದ ಏನು ಪ್ರಯೋಜನ? ಇದೆ. ಆದರೆ ಜಾಹೀರಾತಿನವರು ಹೇಳುವ ಪ್ರಯೋಜನ ಅಲ್ಲ.

2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ, ಇಂಥ ಪಟ್ಟಿಗಳ ಬಗ್ಗೆ ಅಲ್ಲಿವರೆಗೆ ಬಂದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿದ ಲೇಖನ ಬಂತು. ಪಟ್ಟಿ ಕಟ್ಟಿಕೊಂಡವರು ದಿನಕ್ಕೆ ಸುಮಾರು 1,800 ಹೆಜ್ಜೆ ಜಾಸ್ತಿ ನಡೆಯುತ್ತಾರೆ, ತೂಕ ಒಂದು ಕಿಲೋದಷ್ಟು ಇಳಿಯುತ್ತದೆ ಅಂತ ಅದರ ಸಾರ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಮೇಲೆ ಮಾತ್ರ ಪರಿಣಾಮ ಕಡಿಮೆ, ಹಲವು ಕಡೆ ಇಲ್ಲವೇ ಇಲ್ಲ. ಅಂದರೆ ಪಟ್ಟಿ ಜನರನ್ನು ಎಬ್ಬಿಸಿ ನಡೆಸುತ್ತದೆ, ಅಷ್ಟಕ್ಕೇ ಸಕ್ಕರೆ ಇಳಿಯುವುದಿಲ್ಲ. ಯಾಕೆ ಅಂತ ನನಗೆ ನಮ್ಮ ಹೋಟೆಲಿನವರನ್ನು ನೋಡಿದಾಗ ಅರ್ಥವಾಯಿತು.

ನಮ್ಮವರು ನೋಡುವುದು ಒಂದೇ ನಂಬರು, ದಿನದ ಮೊತ್ತ. ಹತ್ತು ಸಾವಿರ ಆಯಿತೋ ಇಲ್ಲವೋ. ಈ ಹತ್ತು ಸಾವಿರ ಯಾವ ಡಾಕ್ಟರು ಬರೆದುಕೊಟ್ಟ ಲೆಕ್ಕವೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟುಕೊಂಡ ಸಂಖ್ಯೆ ಅದು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನೋಡಿದಾಗ, ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವು ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಸಾವಿನ ಲೆಕ್ಕ, ಸಕ್ಕರೆಯದಲ್ಲ, ಆದರೂ ಎಪ್ಪತ್ತರ ಮಂಡಿಗೆ ಹತ್ತು ಸಾವಿರದ ಹಟ ಬೇಡ ಅನ್ನೋದಕ್ಕೆ ಅಷ್ಟು ಸಾಕಲ್ವಾ. ಮಾಟುಂಗಾದ ಫೈವ್ ಗಾರ್ಡನ್ಸ್ ಪಾರ್ಕಿನಲ್ಲಿ ಒಂಬತ್ತು ಸಾವಿರ ಆದ ಮೇಲೆ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಕುಂಟುತ್ತಾ ಹೋಗುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಈಗ ಹೋಟೆಲಿನವರ ದಿನ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಜೋರಾಗಿ ನಡೆದು ಬರುತ್ತಾರೆ. ಆಮೇಲೆ ಗಲ್ಲಾ. ಮಧ್ಯಾಹ್ನದ ಊಟ ಅಲ್ಲೇ, ಊಟ ಆಗಿ ಮತ್ತೆ ಗಲ್ಲಾ. ರಾತ್ರಿ ಶಟರ್ ಎಳೆದು, ಹಿಸಾಬು ಮುಗಿಸಿ, ಮನೆಗೆ ಬಂದು ಊಟ ಮಾಡುವಾಗ ಹನ್ನೊಂದೂವರೆ. ತಟ್ಟೆ ಎತ್ತಿದರೆ ನೇರ ಹಾಸಿಗೆ. ಪಟ್ಟಿಯ ಮೊತ್ತದಲ್ಲಿ ಎಂಟು ಸಾವಿರ, ಶಹಬ್ಬಾಸ್ ಅಂತ ಪಟಾಕಿ ಹೊಡೆಯುವ ಚಿತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ 180. "ಸಾರ್, ಇಷ್ಟು ನಡೆದರೂ ಇಳಿಯಲ್ಲ ಅಂತದೆ" ಅಂತ ನನ್ನ ಹತ್ತಿರ ದೂರು.

ಅದೇ ಆ್ಯಪಿನಲ್ಲಿ ಮೊತ್ತದ ಮೇಲೆ ಬೆರಳು ಒತ್ತಿದರೆ ಗಂಟೆಗಂಟೆಯ ಕಂಬಗಳು ಬರುತ್ತವೆ. ಯಾವ ಗಂಟೆಯಲ್ಲಿ ಎಷ್ಟು ಹೆಜ್ಜೆ ಅಂತ. ಅದನ್ನು ನಮ್ಮವರು ಯಾರೂ ತೆರೆದೇ ನೋಡಿರುವುದಿಲ್ಲ. ಬೆಳಿಗ್ಗೆ ಒಂದು ತೆಂಗಿನಮರದಷ್ಟು ಎತ್ತರದ ಕಂಬ, ಆಮೇಲೆ ದಿನವಿಡೀ ಬೋಳು. ಊಟದ ಮೇಲಿನ ಗಂಟೆ, ಮಧ್ಯಾಹ್ನವಿರಲಿ ರಾತ್ರಿಯಿರಲಿ, ಪೂರ್ತಿ ಖಾಲಿ. ಸಕ್ಕರೆ ಏರುವುದು ಆ ಗಂಟೆಯಲ್ಲೇ ತಾನೆ? ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ನಾಟದ ನಮ್ಮಂಥವರ ದೇಹಕ್ಕೆ ಅದು ಹಿಂಬಾಗಿಲು. ಆ ಬಾಗಿಲು ಬೇಕಾಗುವ ಹೊತ್ತಿಗೇ ನಾವು ಕಾಲು ಚಾಚಿ ಮಲಗಿರುತ್ತೇವೆ.

2013ರಲ್ಲಿ ಅಮೆರಿಕದ ಡಯಾಬಿಟಿಸ್ ಕೇರ್ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಹತ್ತೇ ಜನ. ಒಮ್ಮೆ ಬೆಳಿಗ್ಗೆ ಒಟ್ಟಿಗೆ 45 ನಿಮಿಷ ನಡೆಸಿದರು, ಇನ್ನೊಮ್ಮೆ ಮೂರೂ ಊಟದ ಮೇಲೆ 15-15 ನಿಮಿಷ ನಡೆಸಿದರು. ಒಟ್ಟು ಹೊತ್ತು ಒಂದೇ. ಆದರೆ ರಾತ್ರಿ ಊಟದ ನಂತರದ ಸಕ್ಕರೆ ಹಿಡಿತಕ್ಕೆ ಬಂದದ್ದು ಊಟದ ಮೇಲೆ ನಡೆದಾಗಲೇ. ಹತ್ತು ಜನರ ಅಧ್ಯಯನವನ್ನು ವೇದವಾಕ್ಯ ಮಾಡಬೇಕಿಲ್ಲ. ಆದರೆ ಊಟವಾದ ಮೇಲೆ ನೂರು ಹೆಜ್ಜೆ ನಡಿ ಅಂತ ನಮ್ಮಜ್ಜಂದಿರೂ ಹೇಳುತ್ತಿದ್ದರು, ಖರ್ಚೂ ಇಲ್ಲ, ಮಾಡಿ ನೋಡುವುದಕ್ಕೆ ಏನು ಕಷ್ಟ? ಎಂಟು ಸಾವಿರದ ಮೊತ್ತ ಐದು ಸಾವಿರಕ್ಕೆ ಇಳಿದರೂ ಇಳಿಯಲಿ, ಮೂರೂ ಊಟದ ಮೇಲಿನ ಗಂಟೆಗಳಲ್ಲಿ ಸಣ್ಣ ಸಣ್ಣ ಕಂಬ ಎದ್ದಿದ್ದರೆ ನನ್ನ ಲೆಕ್ಕದಲ್ಲಿ ಅದೇ ಒಳ್ಳೆಯ ದಿನ. ರಾತ್ರಿ ಹನ್ನೆರಡಕ್ಕೆ ರಸ್ತೆಗಿಳಿಯಬೇಕಿಲ್ಲ. ಬಿಲ್ಡಿಂಗಿನ ಪ್ಯಾಸೇಜಿನಲ್ಲೋ, ಕಾರು ನಿಲ್ಲಿಸುವ ಜಾಗದಲ್ಲೋ ಹತ್ತು ಹದಿನೈದು ನಿಮಿಷ ಸಾಕು. ವಾಚ್‌ಮನ್ ನಗುತ್ತಾನೆ, ನಗಲಿ.

ಈ ಪಟ್ಟಿಗಳ ಎಣಿಕೆಯನ್ನೂ ಪೂರ್ತಿ ನಂಬಬೇಡಿ. ಅವು ನೋಡುವುದು ಕೈಯನ್ನು, ಕಾಲನ್ನಲ್ಲ. ಶನಿವಾರ ಭಜನಾ ಮಂಡಳಿಯಲ್ಲಿ ಕೂತಲ್ಲೇ ತಾಳ ಹಾಕಿದವರಿಗೂ ಹೆಜ್ಜೆ ಏರುತ್ತದೆ, ಪುಣ್ಯದ ಜೊತೆ ಅದು ಉಚಿತ. ಹಾಗೆಯೇ ಕೈಗಾಡಿ ತಳ್ಳಿಕೊಂಡು ಮಾರುಕಟ್ಟೆಗೆ ಹೋದವರ, ವಾಕರ್ ಹಿಡಿದು ನಿಧಾನವಾಗಿ ನಡೆಯುವವರ ಹೆಜ್ಜೆಗಳನ್ನು ಅರ್ಧಕ್ಕರ್ಧ ನುಂಗಿಬಿಡುವುದೂ ಉಂಟು. ಎಂಬತ್ತರ ಅಜ್ಜಿ ಕಷ್ಟಪಟ್ಟು ಪ್ಯಾಸೇಜಿನಲ್ಲಿ ನಾಲ್ಕು ಸಲ ಹೋಗಿ ಬಂದರೆ ಪಟ್ಟಿ ತೋರಿಸುವುದು ಹದಿನೇಳು ಹೆಜ್ಜೆ. ಅವಳಿಗೆ ಬೇಜಾರಾಗದೆ ಇರುತ್ತದಾ? ಅಂಥವರಿಗೆ ಹೆಜ್ಜೆ ಬಿಟ್ಟು ನಿಮಿಷ ಲೆಕ್ಕ ಹಾಕಿಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನೂ ಸಾದಾ ಪಟ್ಟಿ ಎಣಿಸುವುದಿಲ್ಲ. ಆದರೆ ತೊಡೆಯ ಸ್ನಾಯು ಉಳಿಸಿಕೊಳ್ಳಲು, ಬೀಳದೆ ಇರಲು ನಮ್ಮ ವಯಸ್ಸಿಗೆ ಅದು ನಡಿಗೆಯಷ್ಟೇ ಮುಖ್ಯ.

ನಾಡಿಯ ನಂಬರಿನ ಬಗ್ಗೆ ಒಂದು ಅಪಾಯ ಇದೆ, ಇದನ್ನು ದಯವಿಟ್ಟು ಗಮನಿಸಿ. ನಮ್ಮಲ್ಲಿ ಸಕ್ಕರೆ ಇದ್ದವರಿಗೆ ಬಿಪಿಯೂ ಇರುತ್ತದೆ, ಕೆಲವರಿಗೆ ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ಕೊಟ್ಟಿರುತ್ತಾರೆ. ಅದು ನಾಡಿಯನ್ನು ತಗ್ಗಿಸಿ ಇಡುತ್ತದೆ. ಎಷ್ಟು ಜೋರಾಗಿ ನಡೆದರೂ ನಂಬರು ಏರುವುದಿಲ್ಲ, ಪಟ್ಟಿ "ಇನ್ನೂ ಜೋರಾಗಿ" ಅನ್ನುತ್ತದೆ, ನಮ್ಮವರು ಅದರ ಮಾತು ಕೇಳಿ ಏದುಸಿರು ಬಿಡುತ್ತಾ ಓಡುತ್ತಾರೆ. ಅವರೇನಾದರೂ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದುಬಿಡಬಹುದು. ಸಾಮಾನ್ಯವಾಗಿ ಆಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಅದರಿಂದ ಗೊತ್ತಾಗುತ್ತದೆ. ಬೀಟಾ ಬ್ಲಾಕರ್ ಆ ಸೂಚನೆಗಳನ್ನೇ ಮುಚ್ಚಿಡುತ್ತದೆ. ಬೆವರು ಮಾತ್ರ ಬರುತ್ತದೆ, ಮುಂಬಯಿಯಲ್ಲಿ ಬೆವರಿಗೆ ಯಾರು ಬೆಲೆ ಕೊಡುತ್ತಾರೆ! ಹಾಗಾಗಿ ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಪಟ್ಟಿಯನ್ನು ಕೇಳಬೇಡಿ. ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಅಥವಾ ಒಂದು ದೊಡ್ಡ ಚಮಚದಷ್ಟು ಸಕ್ಕರೆ ಇರಲಿ. ಹೋಟೆಲಿನವರಿಗೆ ಸಕ್ಕರೆ ಪೊಟ್ಟಣಕ್ಕೆ ಏನು ಬರ? ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ತಿಂದು ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಬೆರಳು ಚುಚ್ಚುವ ಮೀಟರೇ, ಗೊತ್ತಾಯ್ತಲ್ಲ.

ಮಳೆಗಾಲದ ಮಾತೂ ಹೇಳಲೇಬೇಕು. ಸಕ್ಕರೆ ಹಳೆಯದಾದವರ ಪಾದಕ್ಕೆ ಸ್ಪರ್ಶ ಕಡಿಮೆ, ಚಪ್ಪಲಿಯೊಳಗೆ ಕಲ್ಲು ಹೊಕ್ಕರೂ ತಿಳಿಯುವುದಿಲ್ಲ. ಜುಲೈಯಲ್ಲಿ ರಸ್ತೆ ಅಗೆದು, ಅದರ ಮೇಲೆ ನೀರು ನಿಂತು, ಗುಂಡಿ ಎಲ್ಲಿ ಗಟಾರ ಎಲ್ಲಿ ಅಂತ ಗೊತ್ತಾಗದ ಹೊತ್ತಿನಲ್ಲೂ ನಿನ್ನೆಯ ಲೆಕ್ಕ ತಪ್ಪಬಾರದು ಅಂತ ಕೊಡೆ ಹಿಡಿದು ಹೊರಡುವವರಿದ್ದಾರೆ. ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಪಾದದ ಸಣ್ಣ ಗಾಯದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಬರುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಈ ಊರು ಅದನ್ನು ಕಂಡಿದೆ. ಅಂಥ ದಿನ ಮನೆಯೊಳಗೇ ನಡೆಯಿರಿ. ಹೊರಗೆ ಹೋದ ದಿನ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಡಿಭಾಗಕ್ಕೆ ಕನ್ನಡಿ ಹಿಡಿದು ನೋಡಿ. ಪಟ್ಟಿಯ ಅಡಿಯ ಚರ್ಮವನ್ನೂ ನೋಡಿಕೊಳ್ಳಿ, ಬೆವರು ಕಟ್ಟಿ ತುರಿಕೆ ಆಗುತ್ತದೆ, ಸ್ನಾನದ ಹೊತ್ತು ಬಿಚ್ಚಿಡಿ.

ಇನ್ನು ಹೆಂಗಸರು. ಮಕ್ಕಳು ಪಟ್ಟಿ ತಂದುಕೊಡುವುದು ಅಪ್ಪನಿಗೆ. ಅಮ್ಮನಿಗೆ ಬಳೆ ಇದೆಯಲ್ಲ, ಇದನ್ನೆಲ್ಲಿ ಕಟ್ಟುತ್ತಾಳೆ, ದಿನವಿಡೀ ಮನೆಯಲ್ಲಿ ಓಡಾಡುತ್ತಲೇ ಇರುತ್ತಾಳೆ ಅಂತ ಬಿಟ್ಟುಬಿಡುತ್ತಾರೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಎಷ್ಟು ಓಡಾಡಬಹುದು? ಒಲೆಯಿಂದ ಸಿಂಕಿಗೆ ಎರಡು ಹೆಜ್ಜೆ. ನಿಂತೇ ಇರುತ್ತಾಳೆ, ನಡೆಯುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಊಟ ಮಾಡಿ, ಪಾತ್ರೆ ಮುಗಿಸಿ, ಟಿವಿ ಮುಂದೆ ಕೂತರೆ ಅವಳ ಊಟದ ಮೇಲಿನ ಗಂಟೆಯೂ ಬೋಳು. ನನ್ನ ಹೆಂಡತಿಯ ಕೈಗೆ ನನ್ನ ಪಟ್ಟಿ ಕಟ್ಟಿ ನೋಡಿದ ಮೇಲೆಯೇ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು. ಈಗ ಆ ಪಟ್ಟಿ ಅವಳದೇ.

ಮಕ್ಕಳ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಅಪ್ಪನ ಹೆಜ್ಜೆ ನೋಡಿ "ಯಾಕಪ್ಪಾ ಇವತ್ತು ಬರೀ ಎರಡು ಸಾವಿರ" ಅಂತ ಫೋನ್ ಮಾಡುವವರು ಜಾಸ್ತಿಯಾಗಿದ್ದಾರೆ. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಪಟ್ಟಿ ಕೊಟ್ಟ ದಿನ ಒಂದು ಗಂಟೆ ಪಕ್ಕದಲ್ಲಿ ಕೂತು ಗುರಿಯನ್ನು ಹತ್ತು ಸಾವಿರದಿಂದ ಇಳಿಸಿ, ಅಕ್ಷರ ದೊಡ್ಡದು ಮಾಡಿ, ಊಟದ ಹೊತ್ತಿಗೆ ಒಂದು ಅಲಾರಂ ಇಟ್ಟು, ಗಂಟೆಯ ಕಂಬ ಹೇಗೆ ನೋಡಬೇಕು ಅಂತ ತೋರಿಸಿದ್ದರೆ ಆ ಫೋನಿನ ಅರ್ಧ ಬೇಕಾಗುತ್ತಿರಲಿಲ್ಲ. ನಾನು ನೋಡಿದ ಆ್ಯಪುಗಳು ಇಂಗ್ಲಿಷಿನಲ್ಲಿದ್ದವು. ಏಳನೇ ಕ್ಲಾಸು ಕನ್ನಡದಲ್ಲಿ ಓದಿ ಇಲ್ಲಿಗೆ ಬಂದವರು ಅದನ್ನು ತಾವೇ ಬಿಡಿಸಿಕೊಳ್ಳಲಿ ಅಂದರೆ ಹೇಗೆ?

ನಮ್ಮ ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ಉಚಿತ ಸಕ್ಕರೆ ತಪಾಸಣೆ ಶಿಬಿರ ಮಾಡುತ್ತವೆ, ಸಂತೋಷ. ಬೆರಳು ಚುಚ್ಚಿ, ಚೀಟಿ ಕೊಟ್ಟು, ಉಪ್ಪಿಟ್ಟು ಶೀರಾ ಕೊಟ್ಟು ಕಳಿಸುತ್ತಾರೆ. (ಶೀರಾ ಯಾಕೆ ಅಂತ ನಾನು ಕೇಳಿದರೆ ಅಧ್ಯಕ್ಷರಿಗೆ ಬೇಜಾರು.) ಮುಂದಿನ ಸಲ ಶಿಬಿರದಲ್ಲಿ ಒಂದು ಮೇಜು ಹೆಚ್ಚಿಗೆ ಹಾಕಿ. ಕಾಲೇಜು ಓದುವ ಹುಡುಗ ಹುಡುಗಿಯರನ್ನು ಕೂರಿಸಿ, ಬಂದ ಹಿರಿಯರ ಪಟ್ಟಿ ಸರಿಮಾಡಿಕೊಡಲಿ, ಸಕ್ಕರೆ ತೋರಿಸುವ ವಾಚ್ ಕಟ್ಟಿಕೊಂಡು ಬಂದವರಿಗೆ ಅಲ್ಲೇ ಮೀಟರಿನಲ್ಲಿ ಚುಚ್ಚಿ ಎರಡೂ ನಂಬರು ಪಕ್ಕಪಕ್ಕ ಬರೆದು ತೋರಿಸಲಿ. ಅದಕ್ಕೆ ಭಾಷಣ ಬೇಕಿಲ್ಲ. ನಮ್ಮ ಬಡಾವಣೆಯಲ್ಲಿ ಮಾಡುವುದಾದರೆ ನಾನೂ ಬಂದು ಕೂರುತ್ತೇನೆ, ಬಾಳೆಹಣ್ಣು ನನ್ನ ಖರ್ಚು.

ಕೊನೆಗೆ ನಿಮ್ಮ ಹತ್ತಿರ ಎರಡು ವಿನಂತಿ. ಚುಚ್ಚದೆ ಸಕ್ಕರೆ ಅಳೆಯುವ ವಾಚು, ಉಂಗುರಗಳ ಜಾಹೀರಾತು ಬಂದರೆ ತೆಗೆದುಕೊಳ್ಳಬೇಡಿ, ನಷ್ಟವಾದರೂ. ಇನ್ನೊಂದು, ಜಾಗ ಸಾಲದೆ ಈ ಪತ್ರಕ್ಕೆ ಕತ್ತರಿ ಹಾಕುವುದಾದರೆ ಹೋಟೆಲು, ಭಜನೆ, ಶೀರಾ ಎಲ್ಲಾ ತೆಗೆಯಿರಿ, ಆ ವಾಚಿನ ಭಾಗ ಮತ್ತು ಬೀಟಾ ಬ್ಲಾಕರ್ ಭಾಗ ಮಾತ್ರ ಮುಟ್ಟಬೇಡಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಓದಬೇಕಾದವರಿಗೆಲ್ಲ ಕನ್ನಡಕ ಇದೆ.

ಇತಿ,
ನಿವೃತ್ತ ರಾತ್ರಿ ಶಾಲಾ ಶಿಕ್ಷಕ,
ಡೊಂಬಿವಲಿ ಪೂರ್ವ